ರಂಗನಾಯಕಿಗೆ ಹಾಕಿದ ಷರತ್ತು

ಕಂಪನಿ ನಾಟಕದ ನಟಿಯನ್ನು ಕುರಿತ ಕನ್ನಡ ಚಿತ್ರ ಎಂದರೆ ಇಂದಿಗೂ ಮೊದಲು ನೆನಪಾಗುವುದು ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ (1981). ಅಶ್ವತ್ಥರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಆರತಿ ನಾಯಕಿ. ಅವಳನ್ನು ಮೆಚ್ಚಿ ಮದುವೆಯಾದ ಶ್ರೀಮಂತ, ಇನ್ನು ಬಣ್ಣ ಹಚ್ಚಬಾರದೆಂದು ಷರತ್ತು ಹಾಕುತ್ತಾನೆ. ತನ್ನ ಹಳೆಯ ಕಂಪನಿಗಾಗಿ ಅವಳು ಮತ್ತೆ ರಂಗವೇರಿದಾಗ, ಮಗುವನ್ನು ಎತ್ತಿಕೊಂಡು ಹೊರಟುಬಿಡುತ್ತಾನೆ. ಮುಂದೆ ಅವಳು ಸಿನಿಮಾ ತಾರೆಯಾಗುತ್ತಾಳೆ. ತಾಯಿಯೆಂದು ತಿಳಿಯದೆ ಹೆತ್ತ ಮಗನೇ ಅವಳಿಗೆ ಮನಸೋಲುತ್ತಾನೆ.

ಆರತಿಯವರ ಅಭಿನಯವೇ ಈ ಚಿತ್ರದ ಬಲ. ಆದರೆ ಕಥೆ ಕಣ್ಣೀರನ್ನು ನಟಿಗೆ ಕೊಟ್ಟು, ತೀರ್ಪನ್ನು ಗಂಡನಿಗೆ ಬಿಟ್ಟಿದೆ. ಷರತ್ತು ಹಾಕಿದವನು ಅವನು, ಮಗುವನ್ನು ಕಿತ್ತುಕೊಂಡವನು ಅವನು. ಶಿಕ್ಷೆ ಮಾತ್ರ ಅವಳಿಗೆ. ರಂಗದ ಮೇಲೆ ಮೆಚ್ಚಿದ್ದನ್ನು ಮನೆಯಲ್ಲಿ ಏಕೆ ಸಹಿಸಲಾರೆ ಎಂದು ಅವನನ್ನು ಕೇಳಬೇಕಾದಷ್ಟು ಗಟ್ಟಿಯಾಗಿ ಚಿತ್ರ ಕೇಳುವುದಿಲ್ಲ.

ಈ ಷರತ್ತು ನಮ್ಮಲ್ಲಷ್ಟೇ ಹುಟ್ಟಿದ್ದಲ್ಲ. ರಾಜರ ಕಾಲದ ಫ್ರಾನ್ಸಿನಲ್ಲಿ ನಟನಟಿಯರು ವೃತ್ತಿಯನ್ನು ತ್ಯಜಿಸುವುದಾಗಿ ಹೇಳದೆ ಸತ್ತರೆ ಚರ್ಚಿನ ಅಂತ್ಯಸಂಸ್ಕಾರ ಸಿಗುತ್ತಿರಲಿಲ್ಲ. ಪ್ಯಾರಿಸಿನ ಮೆಚ್ಚಿನ ನಟಿ ಅದ್ರಿಯೆನ್ ಲಕೂವ್ರರ್ 1730ರಲ್ಲಿ ತೀರಿಕೊಂಡಾಗ ಅವಳ ಹೆಣವನ್ನು ರಾತ್ರಿಯಲ್ಲಿ ಒಯ್ದು ಹೂಳಲಾಯಿತು. ವೋಲ್ತೇರ್ ಇದನ್ನು ಖಂಡಿಸಿ ಪದ್ಯ ಬರೆದ. ಕೈತುಂಬ ಚಪ್ಪಾಳೆ ಕೊಟ್ಟ ಊರು ಹಿಡಿ ಮಣ್ಣು ಕೊಡಲಿಲ್ಲ.

ನಮ್ಮ ಬೀಳಗಿಯ ಅಕ್ಕತಂಗಿಯರನ್ನೇ ನೋಡಿ. ಅಮೀರಬಾಯಿ ಕರ್ನಾಟಕಿ ‘ಕಿಸ್ಮತ್’ (1943) ಚಿತ್ರದ ಹಾಡುಗಳಿಂದ ದೇಶಕ್ಕೇ ಪರಿಚಿತರಾದರು. ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಸಂಗಾತಿಯಾದರು. ಹೆಣ್ಣುವೇಷ ಹಾಕಿದ ಗಂಡಿಗೆ ಸಿಕ್ಕ ಆರಾಧನೆ, ಹೆಣ್ಣಾಗಿಯೇ ರಂಗಕ್ಕೆ ಬಂದ ಗೋಹರಗೆ ಸಿಗಲಿಲ್ಲ. ಸಿಕ್ಕಿದ್ದು ಅವರ ಅಭಿಮಾನಿಗಳ ದೂರು. ನಾವು ಮುಸ್ಲಿಮರಾದರೂ ಈ ಇಬ್ಬರನ್ನು ನಮ್ಮ ಮನೆಯ ಹೆಣ್ಣುಮಕ್ಕಳೆಂದು ಎದೆತಟ್ಟಿ ಹೇಳಿಕೊಂಡಿದ್ದೇವೆಯೆ? ಹಾಡು ಬೇಕು, ಹಾಡಿದವಳ ಹೆಸರು ಬೇಡ ಎಂಬುದು ನಮ್ಮ ಷರತ್ತು.

ಧರ್ಮಸ್ಥಾನಗಳೆಲ್ಲ ರಂಗಕ್ಕೆ ಬಾಗಿಲು ಮುಚ್ಚಿವೆ ಎನ್ನುವಂತಿಲ್ಲ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ಸ್ವತಃ ನಾಟಕ ಬರೆದವರು. ಅದೇ ಮಠದ ಶಾಖೆಯಿರುವ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿ 1997ರಲ್ಲಿ ಆರಂಭಿಸಿದ ‘ಶಿವಸಂಚಾರ’ ತಂಡ ನಾಡು ಸುತ್ತಿ ನಾಟಕವಾಡಿದೆ. ಅದರಲ್ಲಿ ಹೆಣ್ಣುಮಕ್ಕಳೂ ನಟಿಸಿದ್ದಾರೆ. ಇದು ಸಣ್ಣ ಮಾತಲ್ಲ. ಆದರೂ ಮಠದ ರಂಗದಲ್ಲಿ ಶರಣೆಯಾದವಳನ್ನು ಗೌರವಿಸುವುದು ಸುಲಭ. ಜಾತ್ರೆಯ ಕ್ಯಾಂಪಿನಲ್ಲಿ ಹಾಸ್ಯಪಾತ್ರ ಮಾಡಿ ಮಕ್ಕಳನ್ನು ಸಾಕುವ ನಟಿಗೆ ಅದೇ ಗೌರವ ಸಿಗುತ್ತಿದೆಯೆ?

‘ರಂಗನಾಯಕಿ’ಯನ್ನು ಮತ್ತೆ ನೋಡುವವರು ನಾಯಕಿಗಾಗಿ ಅತ್ತು ಎದ್ದು ಬರುವುದಷ್ಟೇ ಸಾಲದು. ಆ ಗಂಡನೂ ಮೊದಲು ನಮ್ಮಂತೆ ಟಿಕೆಟ್ಟು ಕೊಂಡು ಕೂತ ಪ್ರೇಕ್ಷಕನೇ ಆಗಿದ್ದ ಎಂಬುದನ್ನು ಮರೆಯಬಾರದು.