ಹಳೆಯ ಮಾದರಿಯ ಮಿರಜ ತಂಬೂರಿ: ಪ್ರಾಮಾಣ್ಯದ ಪ್ರಶ್ನೆ

ಓಲೆಯ ಪ್ರತಿಯ ಹಳಮೆ ಬೇರೆ, ಅದರಲ್ಲಿರುವ ಪಾಠದ ಹಳಮೆ ಬೇರೆ ಎಂಬುದು ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಸಂಗತಿ. ತೀರ ಪ್ರಾಚೀನವಾದ ಪ್ರತಿಯಲ್ಲಿ ಕೆಟ್ಟ ಪಾಠವೂ ಈಚಿನ ಪ್ರತಿಯೊಂದರಲ್ಲಿ ಶುದ್ಧಪಾಠವೂ ದೊರೆಯಬಹುದು. ಈ ವಿವೇಕವನ್ನು ನಾವು ಸಂಗೀತವಾದ್ಯಗಳ ವಿಷಯದಲ್ಲಿ ಅಷ್ಟಾಗಿ ಬಳಸಿದಂತೆ ಕಾಣುವುದಿಲ್ಲ. ಹಳೆಯ ಮಾದರಿಯನ್ನು ಅನುಸರಿಸಿ ಹೊಸದಾಗಿ ಮಾಡಿದ ತಂಬೂರಿಯನ್ನು ಕಂಡಾಗ ನಾವು ಮೆಚ್ಚುವುದು ಸಾಮಾನ್ಯವಾಗಿ ಅದರ ರೂಪಸಾದೃಶ್ಯವನ್ನು. ಆ ವಾದ್ಯ ಯಾವ ‘ಪಾಠ’ವನ್ನು ಉಳಿಸಿಕೊಂಡಿದೆ ಎಂದು ವಿಚಾರಿಸುವವರು ವಿರಳ. ಈ ಲೇಖನದಲ್ಲಿ ಆ ವಿಚಾರಣೆಯನ್ನು ಮಿರಜದ ತಂಬೂರಿಗೆ ಸೀಮಿತಗೊಳಿಸಿ ನಡೆಸಲು ಉದ್ದೇಶಿಸಿದ್ದೇವೆ.

ಕೃಷ್ಣೆಯ ದಡದ ಅಂಕಲಿಯಿಂದ ಮಿರಜವು ಬಹುದೂರವಲ್ಲ. ಮಿರಜವು ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದೆಯಾದರೂ, ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ಗಾಯಕನಿಗೂ ಭಜನೆಯ ಮೇಳಕ್ಕೂ ವಾದ್ಯದ ಊರೆಂದರೆ ಮಿರಜವೇ. ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಆಲೂರಮಠರ ಬಳಿ ಕಲಿತದ್ದು ಮಿರಜದಲ್ಲಿ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂಖಾನರು ನೆಲೆಸಿದ್ದೂ 1937ರಲ್ಲಿ ತೀರಿಕೊಂಡ ಬಳಿಕ ಮಣ್ಣಾದದ್ದೂ ಆ ಊರಿನಲ್ಲಿಯೇ. ಪಟವರ್ಧನರ ಸಂಸ್ಥಾನದ ಕಾಲದಲ್ಲಿ, 19ನೆಯ ಶತಮಾನದ ನಡುವಿನಲ್ಲಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ವಾದ್ಯದ ಕೆಲಸಕ್ಕೆ ತಿರುಗಿದರೆಂದೂ ಅವರಲ್ಲಿ ಫರೀದಸಾಹೇಬರು ಮೊದಲಿಗರೆಂದೂ ಅಲ್ಲಿಯ ಪರಂಪರೆ ಹೇಳುತ್ತದೆ. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಈ ಮನ್ನಣೆ ಊರಿನ ಹೆಸರನ್ನು ಕಾಯುತ್ತದೆ. ನಾದವನ್ನು ಕಾಯುವುದು ಬೇರೆಯ ಕೆಲಸ.

ಹಳೆಯ ಮಾದರಿ ಎಂಬ ಮಾತಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಲಂಕಾರ: ದಾಂಡಿಯ ಅಂಚಿನ ಬಿಳಿಯ ಪಟ್ಟಿ, ತಬಲಿಯ ಮೇಲಿನ ಬಳ್ಳಿ, ದಾಂಡಿಯು ಬುರುಡೆಗೆ ಕೂಡುವಲ್ಲಿಯ ಎಲೆಯ ಕೆತ್ತನೆ, ಅರಗಿನ ಹೊಳಪು. ಹಿಂದೆ ಉತ್ತಮ ವಾದ್ಯಗಳಲ್ಲಿ ದಂತದಿಂದ ಆಗುತ್ತಿದ್ದ ಕೆಲಸ ಇಂದು ಸೆಲ್ಯುಲಾಯಿಡಿನಿಂದ, ಎಲುಬಿನಿಂದ ಆಗುತ್ತದೆ. ವನ್ಯಜೀವಿ ಸಂರಕ್ಷಣೆಯ 1972ರ ಶಾಸನ ಮತ್ತು ಅದಕ್ಕೆ 1986, 1991ರಲ್ಲಿ ಆದ ತಿದ್ದುಪಡಿಗಳ ತರುವಾಯ ದಂತದ ವ್ಯಾಪಾರ ನಿಂತುಹೋಯಿತು. ನಿಂತದ್ದು ಯೋಗ್ಯವೂ ಆಯಿತು. ಅಲಂಕಾರದ ಮಟ್ಟಿಗೆ ಈ ಬದಲಾವಣೆಯಿಂದ ಕಿವಿಗೆ ಯಾವ ನಷ್ಟವೂ ಇಲ್ಲವೆಂದೇ ನಮ್ಮ ಅಭಿಪ್ರಾಯ.

ಅಳತೆಯನ್ನು ಹಿಡಿದು ಸಾಧಿಸುವ ಪ್ರಾಮಾಣ್ಯವೂ ತಂಬೂರಿಯಲ್ಲಿ ಬೇಗನೆ ಸೋಲುತ್ತದೆ. ದಾಂಡಿ, ತಬಲಿಗಳ ತುಣಮರವನ್ನು ಅಳತೆಗೆ ತಕ್ಕಂತೆ ಕೊಯ್ಯಬಹುದು. ಬುರುಡೆಯಾದರೋ ಬಳ್ಳಿಯಲ್ಲಿ ಬೆಳೆದದ್ದು. ಪಂಢರಪುರದ ಸುತ್ತಿನ ಹೊಲಗಳಿಂದ ಬರುವ ಸೋರೆಬುರುಡೆಗಳಲ್ಲಿ ಒಂದು ಇನ್ನೊಂದರಂತೆ ಇರುವುದಿಲ್ಲ. ಗೋಡೆಯ ದಪ್ಪವೂ ಒಂದೇ ಅಲ್ಲ. ಕುಶಲನಾದ ಕೆಲಸಗಾರನು ಬುರುಡೆಯನ್ನು ನೋಡಿ ಉಳಿದ ಅಂಗಗಳನ್ನು ಅದಕ್ಕೆ ಹೊಂದಿಸುತ್ತಾನೆ. ಹಳೆಯ ವಾದ್ಯದ ಅಳತೆಗಳನ್ನು ಯಥಾವತ್ತಾಗಿ ಬೇರೊಂದು ಬುರುಡೆಯ ಮೇಲೆ ಹೇರಿದರೆ, ಹಳೆಯ ಕೆಲಸಗಾರನು ಮಾಡದೆ ಇದ್ದುದನ್ನೇ ನಾವು ಮಾಡಿದಂತಾಗುವುದು.

ಇನ್ನು ಮುಖ್ಯವಾದ ಜವಾರಿಯ ವಿಷಯ. (ಉತ್ತರ ಕರ್ನಾಟಕದಲ್ಲಿ ಜವಾರಿ ಎಂದರೆ ನಾಟಿ ತಳಿಯ ಕಾಳು, ಕೋಳಿ, ತರಕಾರಿ ಎಂದೇ ಜನ ತಿಳಿಯುತ್ತಾರೆ. ತಂಬೂರಿಯ ಜವಾರಿಗೂ ಅದಕ್ಕೂ ಉಚ್ಚಾರದ ಹೊರತು ಬೇರೆ ನಂಟನ್ನು ಕಲ್ಪಿಸಬೇಕಾಗಿಲ್ಲ.) ತಂತಿಗಳು ಹಾಯ್ದುಹೋಗುವ ಕುದುರೆಯ ಮೇಲ್ಮೈ ಅಗಲವಾಗಿದ್ದು ತುಸುವೇ ಉಬ್ಬಿರುತ್ತದೆ. ಮಿಡಿದ ತಂತಿ ಕಂಪಿಸುವಾಗ ಆ ಉಬ್ಬನ್ನು ಸವರುತ್ತ ಮತ್ತೆ ಮತ್ತೆ ಮುಟ್ಟಿ ಬಿಡುತ್ತದೆ. ತಂತಿಯ ಕೆಳಗೆ ಸೇರಿಸಿದ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಹಿಂದು ಮುಂದು ಸರಿಸಿದರೆ ನಾದ ಒಮ್ಮೆಲೆ ತೆರೆದುಕೊಳ್ಳುತ್ತದೆ, ಇಲ್ಲವೆ ಮುಚ್ಚಿಹೋಗುತ್ತದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮಿಡಿಯುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಬಾರದೆಂಬುದು ಥಾಮಸ್ ಯಂಗನ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಈ ನಿಯಮ ನಡೆಯುವುದಿಲ್ಲವೆಂದೂ, ಅದಕ್ಕೆ ಕಾರಣ ಈ ಬಗೆಯ ಕುದುರೆಯೆಂದೂ ಸಿ. ವಿ. ರಾಮನ್ನರು 1921ರ ತಮ್ಮ ಲೇಖನದಲ್ಲಿ ತೋರಿಸಿಕೊಟ್ಟರು. ಗಾಯಕನ ಹಿಂದೆ ನಿಂತು ಅವನ ಸ್ವರಗಳಿಗೆ ನೆಲೆಯಾಗುವ ಉಪಸ್ವರಗಳ ಸಮೂಹ ಈ ಎರಡು ಬೆರಳಗಲದ ಎಲುಬಿನ ಮೇಲೆ ಹುಟ್ಟುತ್ತದೆ.

ಆದರೆ ಈ ಮೇಲ್ಮೈ ಸ್ಥಿರವಾದುದಲ್ಲ. ತಂತಿಯ ಉಜ್ಜಾಟದಿಂದ ಅದರಲ್ಲಿ ಗೀರು ಬಿದ್ದು ನಾದ ಮಂಕಾಗುತ್ತದೆ. ಆಗ ಕುದುರೆಯನ್ನು ಅರದಿಂದ ಉಜ್ಜಿ ಉಬ್ಬನ್ನು ಹೊಸದಾಗಿ ಕೂಡಿಸಬೇಕು. ಹೀಗೆ ಹಲವು ಸಲ ಆದ ಮೇಲೆ ಕುದುರೆಯನ್ನೇ ಬದಲಿಸಬೇಕಾಗುತ್ತದೆ. ನೂರು ವರ್ಷದ ತಂಬೂರಿಯೆಂದು ನಾವು ಗೌರವದಿಂದ ನೋಡುವ ವಾದ್ಯದಲ್ಲಿ ಬುರುಡೆ ಮತ್ತು ದಾಂಡಿಗಳಿಗೆ ನೂರು ವರ್ಷವಾಗಿರಬಹುದು. ಅದರ ನಾದಕ್ಕೆ ಕಳೆದ ಸಲ ಜವಾರಿ ತೆಗೆದಂದಿನಿಂದ ಆದಷ್ಟೇ ವಯಸ್ಸು. ಹೀಗಿರುವಾಗ ಯಾವ ಕಾಲದ ಸ್ಥಿತಿಯನ್ನು ಮೂಲವೆಂದು ಹಿಡಿದು ಹೊಸ ವಾದ್ಯವನ್ನು ಅದಕ್ಕೆ ಹೋಲಿಸುವುದು?

ಈ ತೊಡಕು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ವಿದ್ಯುತ್ ಗಿಟಾರಿನ ಹಳೆಯ ಮಾದರಿಗಳನ್ನು ಪುನಃ ತಯಾರಿಸುವುದೇ ಒಂದು ದೊಡ್ಡ ಉದ್ಯಮವಾಗಿದೆ. ಫೆಂಡರ್ ಸಂಸ್ಥೆ ತನ್ನ 1957 ಮತ್ತು 1962ರ ಸ್ಟ್ರಾಟೊಕಾಸ್ಟರುಗಳ ಮಾದರಿಯನ್ನು 1982ರಲ್ಲಿ ಮತ್ತೆ ಹೊರತಂದಿತು. ಅಲ್ಲಿಂದೀಚೆಗೆ ಬಣ್ಣದ ರಾಸಾಯನಿಕ, ತಿರುಪಿನ ತಲೆ, ಅಂಟಿನ ಜಾತಿ ಇವುಗಳ ಯಥಾರ್ಥತೆಯನ್ನು ಕುರಿತು ಅಲ್ಲಿಯ ವಾದಕರೂ ಸಂಗ್ರಾಹಕರೂ ಪಂಡಿತರಂತೆ ವಾದಿಸುತ್ತ ಬಂದಿದ್ದಾರೆ. ಬ್ರೆಜಿಲಿನ ಬೀಟೆಮರವನ್ನು ಅಂತರರಾಷ್ಟ್ರೀಯ ಒಪ್ಪಂದ 1992ರಿಂದ ಕಟ್ಟುನಿಟ್ಟಾಗಿ ನಿರ್ಬಂಧಿಸಿತಾಗಿ, ಅವರಿಗೂ ದಂತದಂತಹ ಸಮಸ್ಯೆ ಒದಗಿತು. 1990ರ ದಶಕದ ನಡುವಿನಿಂದ ಹೊಸ ಗಿಟಾರಿನ ಮೇಲೆ ಬೇಕೆಂದೇ ಗೀರು ಎಳೆದು, ಬಣ್ಣ ಸವೆಸಿ ಮಾರುವ ಪದ್ಧತಿಯೂ ಬಂದಿದೆ. ಸವಕಳಿಯೇ ಅಲ್ಲಿ ಪ್ರಾಮಾಣ್ಯದ ಮುದ್ರೆ. ಆದರೂ ಆ ಗೀರುಗಳನ್ನು ಎಳೆಯುವವನು ಸವೆದ ಮೆಟ್ಟಿಲುಗಳನ್ನು ಕೂಡಿಸುವುದಿಲ್ಲ; ಸವೆದ ಮೆಟ್ಟಿಲಿನ ಮೇಲೆ ನುಡಿಸುವುದು ಕಷ್ಟ. ನುಡಿಸುವ ಅಂಗಕ್ಕೆ ಬಂದಾಗ ಇತಿಹಾಸನಿಷ್ಠೆ ಅಲ್ಲಿಯೂ ಸುಮ್ಮನಾಗುತ್ತದೆಂಬುದನ್ನು ನಾವು ಗಮನಿಸಬೇಕು. ತಂಬೂರಿಯಲ್ಲಿ ಜವಾರಿಯ ಗೀರನ್ನು ಯಾರೂ ಅನುಕರಿಸಲಾರರು.

ಹಳೆಯ ನಾದಕ್ಕೆ ಧ್ವನಿಮುದ್ರಿಕೆಗಳು ಸಾಕ್ಷಿಯಾಗಲಾರವೇ ಎಂದು ಕೇಳಬಹುದು. ಬಹುಮಟ್ಟಿಗೆ ಆಗಲಾರವು. ಅಬ್ದುಲ್ ಕರೀಂಖಾನರ ಮೊದಲ ಮುದ್ರಿಕೆಗಳು 1905ರ ಸುಮಾರಿನವು. ಆಗ ಗಾಯಕನು ಕಹಳೆಯ ಬಾಯಿಗೆ ಹಾಡುತ್ತಿದ್ದನು. ತಂಬೂರಿಯ ಮೆಲುದನಿಯನ್ನು, ವಿಶೇಷವಾಗಿ ಅದರ ಸೂಕ್ಷ್ಮವಾದ ಮೇಲಿನ ಉಪಸ್ವರಗಳನ್ನು, ಆ ಯಂತ್ರ ಹಿಡಿಯುವಂತಿರಲಿಲ್ಲ. 1930ರ ದಶಕದ ಮುದ್ರಿಕೆಗಳು ಮೈಕ್ರೊಫೋನಿನವು, ಹೆಚ್ಚು ಸ್ಪಷ್ಟ. ಆದರೆ ಹಳೆಯ ಮುದ್ರಿಕೆಗಳನ್ನು ಯಾವ ವೇಗದಲ್ಲಿ ತಿರುಗಿಸುತ್ತೇವೆಯೋ ಅದಕ್ಕೆ ತಕ್ಕಂತೆ ಶ್ರುತಿಯೂ ನಾದದ ಬಣ್ಣವೂ ಬದಲಾಗುತ್ತವೆ. ಛಾಯಾಚಿತ್ರಗಳಿಂದ ಆಕಾರ ತಿಳಿಯುತ್ತದೆ. ಆ ಆಕಾರವನ್ನೇ ಹೊಸ ವಾದ್ಯಗಳು ಅನುಕರಿಸುವುದರಲ್ಲಿ ಆಶ್ಚರ್ಯವಿಲ್ಲ.

ಶ್ರುತಿಯದು ಇನ್ನೊಂದು ಕಥೆ. ಈಗ ತಂಬೂರಿಯನ್ನು ‘ಕಾಳಿ ಒಂದು’, ‘ಕಾಳಿ ನಾಲ್ಕು’ ಎಂದು ಹಾರ್ಮೋನಿಯಮ್ಮಿನ ಮನೆಗಳ ಹೆಸರಿನಿಂದ ಕರೆಯುವುದು ರೂಢಿ. ಪರದೇಶದಿಂದ ಬಂದ ಆ ಪೆಟ್ಟಿಗೆ ನಮ್ಮ ಸಂಗೀತದಲ್ಲಿ ನೆಲೆಗೊಳ್ಳುವ ಮುನ್ನ ಈ ಹೆಸರುಗಳಿರಲಿಲ್ಲ; ಗಾಯಕನ ಕಂಠವೇ ಶ್ರುತಿಯನ್ನು ನಿಶ್ಚಯಿಸುತ್ತಿತ್ತು. ಹಾರ್ಮೋನಿಯಮ್ಮಿನ ಮನೆಗೆ ಹೊಂದಿಸಿ ಮಾಡಿದ ವಾದ್ಯವನ್ನು ಅದಕ್ಕೂ ಹಿಂದಿನ ಕಾಲದ ಮಾದರಿಯೆಂದು ಕರೆಯುವುದರಲ್ಲಿ ಒಂದು ಸಣ್ಣ ಕಾಲವಿರೋಧವಿದೆ.

ಹಾಗಾದರೆ ಐತಿಹಾಸಿಕ ನಿಷ್ಠೆ ಎಂಬುದೇ ವ್ಯರ್ಥವೇ ಎಂಬ ಆಕ್ಷೇಪಕ್ಕೆ ಅಂಕಲಿಯ ಕಡೆಯ ಒಂದು ಸಂಪ್ರದಾಯ ನಮಗೆ ಉತ್ತರವನ್ನು ಸೂಚಿಸುತ್ತದೆ. ಆಷಾಢದ ವಾರಿಯಲ್ಲಿ ಜ್ಞಾನೇಶ್ವರರ ಪಾಲಕಿಯೊಡನೆ ನಡೆಯುವ ಕುದುರೆಗಳು ಅಂಕಲಿಯ ಶಿತೋಳೆ ಮನೆತನದವರ ಕಡೆಯಿಂದ ಆಳಂದಿಗೆ ಹೋಗುತ್ತವೆ. 19ನೆಯ ಶತಮಾನದಲ್ಲಿ ಹೈಬತಬಾಬಾ ಅವರ ಕಾಲಕ್ಕೆ ಮೊದಲಾದ ಈ ಸೇವೆಯಲ್ಲಿ ಕುದುರೆಗಳು ಎಷ್ಟೋ ಸಲ ಬದಲಾಗಿವೆ. ಮೊದಲಿನ ಕುದುರೆ ಎಲ್ಲಿ ಎಂದು ವಾರಕರಿಗಳಾರೂ ಕೇಳುವುದಿಲ್ಲ. ಆದರೆ ಹೊರಡುವ ಕಾಲ, ಸೇವೆಯ ಕ್ರಮ ತಪ್ಪಿದರೆ ಕೇಳದೆ ಬಿಡುವುದಿಲ್ಲ. ತಂಬೂರಿಯ ಕುದುರೆಯ ವಿಷಯದಲ್ಲಿಯೂ ನಿಷ್ಠೆಯ ನೆಲೆ ಇಂತಹದು: ಅರ ಹಿಡಿಯುವ ಕೈಯ ಕ್ರಮ, ನಾದವನ್ನು ‘ತೆರೆದ’ ಅಥವಾ ‘ಮುಚ್ಚಿದ’ ಜವಾರಿಗೆ ನಿಲ್ಲಿಸುವ ಕಿವಿಯ ತೀರ್ಪು. ಇದು ವಸ್ತುವಿನ ನಿಷ್ಠೆಗಿಂತ ಸುಲಭವಲ್ಲ, ಬಹಳ ಕಠಿಣವಾದುದು. ಅಬ್ದುಲ್ ಕರೀಂಖಾನರು ವಾದ್ಯಗಳನ್ನು ಸ್ವತಃ ದುರಸ್ತಿ ಮಾಡಿಕೊಳ್ಳುತ್ತಿದ್ದರೆಂಬ ಪ್ರಸಿದ್ಧಿಯನ್ನು ಕೇವಲ ಹವ್ಯಾಸದ ಕಥೆಯೆಂದು ಬಿಡುವಂತಿಲ್ಲ. ಕಿರಾಣಾ ಘರಾಣೆಯ ಸ್ವರಲಗಾವಿಗೆ ಅದು ನೇರವಾಗಿ ಸಂಬಂಧಿಸಿದ ಸಂಗತಿ.

ಇದಕ್ಕೆ ವಿರುದ್ಧವಾದ ದಾರಿಯೂ ನಮ್ಮ ನಾಡಿನಲ್ಲಿಯೇ ತೆರೆದಿದೆ. ಬೆಂಗಳೂರಿನ ಜಿ. ರಾಜ ನಾರಾಯಣರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ ಮೇಲೆ, ಏಕಾಂತದಲ್ಲಿ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಬಹಳ ಉಪಕಾರವಾಯಿತು. ಮುಂದೆ ನಿಜವಾದ ತಂಬೂರಿಗಳ ನಾದವನ್ನೇ ಮುದ್ರಿಸಿ ನುಡಿಸುವ ಯಂತ್ರಗಳೂ ಬಂದವು. ಅಂತಹ ಯಂತ್ರದಲ್ಲಿರುವುದು ಒಂದು ವಾದ್ಯದ ಒಂದು ದಿನದ ಜವಾರಿ. ಅದು ಸವೆಯುವುದಿಲ್ಲ, ಆದ್ದರಿಂದ ಅದನ್ನು ಸರಿಪಡಿಸುವ ಕಿವಿಯೂ ಬೆಳೆಯುವುದಿಲ್ಲ. ತಂಬೂರಿ ಕೂಡಿಸಲು ಬಾರದ ಗಾಯಕರ ಪೀಳಿಗೆಯೊಂದು ಬೆಳೆದರೆ, ಮಿರಜದ ಕೆಲಸಗಾರನಿಗೆ ಒಳ್ಳೆಯ ಜವಾರಿಯನ್ನು ಕೇಳಿ ಪಡೆಯುವ ಗಿರಾಕಿಗಳೇ ಇಲ್ಲವಾಗುವರು. ಆಗ ಅವನು ಬಳ್ಳಿಯ ಕೆತ್ತನೆಗೆ ಹೆಚ್ಚು ಹೊತ್ತು ಕೊಟ್ಟರೆ ಅವನನ್ನು ದೂರುವಂತಿಲ್ಲ.

ಆದುದರಿಂದ ಹಳೆಯ ತಂಬೂರಿಗಳನ್ನು ವಸ್ತುಸಂಗ್ರಹಾಲಯಗಳಲ್ಲಿಯೂ ಗಾಯಕರ ಮನೆಗಳಲ್ಲಿಯೂ ಪರಿಶೀಲಿಸುವ ಸಂಶೋಧಕನ ಟಿಪ್ಪಣಿಯಲ್ಲಿ ಉದ್ದ, ಸುತ್ತಳತೆ, ಅಲಂಕಾರಗಳ ವರ್ಣನೆಗೆ ಮುಂಚೆ ಬೇರೆ ಕೆಲವು ಸಂಗತಿಗಳು ಬರಬೇಕು. ಕುದುರೆ ಎಷ್ಟನೆಯದು, ಯಾವುದರಿಂದ ಮಾಡಿದ್ದು. ಕೊನೆಯ ಜವಾರಿಯನ್ನು ಎಂದು, ಯಾವ ಗಾಯಕನ ಶ್ರುತಿಗಾಗಿ ತೆಗೆದದ್ದು. ಜೋಡಿಯ ಉಕ್ಕಿನ ತಂತಿಗಳ ಹಾಗೂ ಖರ್ಜದ ಹಿತ್ತಾಳೆಯ ತಂತಿಯ ದಪ್ಪವೇನು. ನೂಲು ಹತ್ತಿಯದೋ ರೇಷ್ಮೆಯದೋ. ಪಂಚಮದ ತಂತಿಯ ಕೆಳಗೆ ನೂಲು ನಿಲ್ಲುವ ಸ್ಥಳವೂ ಷಡ್ಜದ ತಂತಿಗಳ ಕೆಳಗೆ ಅದು ನಿಲ್ಲುವ ಸ್ಥಳವೂ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿರುವುದಿಲ್ಲ. ಆ ಅಂತರವನ್ನು ಕುದುರೆಯ ಮೇಲೆಯೇ ಅಳೆದು ಬರೆದುಕೊಳ್ಳಬೇಕು, ಅದೂ ವಾದ್ಯವನ್ನು ಒರಸಿ ಶುಚಿಗೊಳಿಸುವುದಕ್ಕೆ ಮುಂಚೆ.