ಖಣದ ಫ್ರಾಕು: ಉಡುಪೋ, ವೇಷವೋ?

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಪುಣೆಯ ಲಕ್ಷ್ಮೀ ರಸ್ತೆಯ ಬಟ್ಟೆ ಅಂಗಡಿಗಳ ಮುಂದೆ ನಿಲ್ಲಿಸಿದ ಬೊಂಬೆಗಳನ್ನು ಒಮ್ಮೆ ನೋಡಬೇಕು. ಸೊಂಟದಲ್ಲಿ ಬಿಗಿ, ಕೆಳಗೆ ಛತ್ರಿಯಂತೆ ಅರಳಿದ ಘೇರು, ಮೊಣಕಾಲ ಕೆಳಗೆ ನಿಲ್ಲುವ ಉದ್ದ. ಹೊಲಿಗೆ ಐವತ್ತರ ದಶಕದ ವಿಲಾಯತಿ ಫ್ರಾಕಿನದು. ಬಟ್ಟೆ ಮಾತ್ರ ನಮ್ಮ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ. ಇದಕ್ಕೆ ಇಲ್ಲಿ 'ವಿಂಟೇಜ್ ಲುಕ್' ಅಂತಾರೆ. ಆಫೀಸಿಗೂ ಆಗ್ತದೆ, ಹಬ್ಬಕ್ಕೂ ಆಗ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವಾಗಿ ಆಗ್ತದೇನು? ಆ ಬಟ್ಟೆಯ ಸೀಮೆಯಿಂದ ಬಂದು ಪುಣೆಯಲ್ಲಿ ನೌಕರಿ ಮಾಡುವ ಹೆಂಗಸಾಗಿ ನನಗೆ ಈ ಪ್ರಶ್ನೆ ಮುಖ್ಯ ಅನಿಸುತ್ತದೆ.

ಮೊದಲು ಹೊಲಿಗೆಯ ಜಾತಕ ನೋಡೋಣ. 1947ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಸಣ್ಣ ಸೊಂಟ, ದೊಡ್ಡ ಘೇರಿನ ಉಡುಪುಗಳನ್ನು ಜಗತ್ತಿಗೆ ತೋರಿಸಿದ. ಪತ್ರಿಕೆಗಳು ಅದನ್ನು 'ನ್ಯೂ ಲುಕ್' ಎಂದು ಕರೆದವು. ಯುದ್ಧಕಾಲದಲ್ಲಿ ಯುರೋಪಿನಲ್ಲಿ ಬಟ್ಟೆಗೂ ರೇಶನ್ ಇತ್ತು. ಬ್ರಿಟನ್ನಿನಲ್ಲಂತೂ ಅದು 1949ರವರೆಗೂ ಮುಂದುವರಿಯಿತು. ಅಂಥ ಬರಗಾಲದ ನಡುವೆ ಒಂದೇ ಲಂಗಕ್ಕೆ ಗಜಗಟ್ಟಲೆ ಬಟ್ಟೆ ಸುರಿದದ್ದು ಕೆಲವರಿಗೆ ಕನಸಿನಂತೆ ಕಂಡಿತು, ಕೆಲವರಿಗೆ ಸಿಟ್ಟು ತರಿಸಿತು. ಅಂದರೆ ಇದು ಧಾರಾಳದ ಹೊಲಿಗೆ. ಬಟ್ಟೆ ಪೋಲಾದರೂ ಚಿಂತೆಯಿಲ್ಲ, ಅಂದ ಬರಬೇಕು.

ಖಣದ ಸ್ವಭಾವ ಇದಕ್ಕೆ ಪೂರಾ ಉಲ್ಟಾ. ಅದು ಒಂದು ಕುಬುಸಕ್ಕೆಂದೇ ಲೆಕ್ಕ ಹಾಕಿ ನೇಯ್ದ ಬಟ್ಟೆ. ಪನ್ನಾ ಸಣ್ಣದು, ಸುಮಾರು 30-32 ಇಂಚು. ಎರಡೂ ಬದಿಗೆ ಅಂಚು, ನಡುವೆ ಒತ್ತಾಗಿ ಸಣ್ಣ ಸಣ್ಣ ಬುಟ್ಟಿ. ಅಂಚು ತೋಳಿಗೆ ಬರುವಂತೆ ಕತ್ತರಿಸುವುದು ನಮ್ಮ ಅಜ್ಜಿಯಂದಿರ ಕಾಲದ ರೂಢಿ. ಕೂಸಿನ ಕುಂಚಿಗೆಗೆ ಆಗುವಷ್ಟು ಚೂರು ಉಳಿದರೂ ಅದನ್ನು ಎತ್ತಿಡುತ್ತಿದ್ದರು. ಇದು ಹಿಡಿತದ ನೇಯ್ಗೆ. ಧಾರಾಳದ ಹೊಲಿಗೆಗೂ ಹಿಡಿತದ ನೇಯ್ಗೆಗೂ ಲಗ್ನ ಮಾಡಬೇಕೆಂದರೆ ಟೇಲರ್ ಸ್ವಲ್ಪ ತಲೆ ಓಡಿಸಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಫ್ರಾಕುಗಳಲ್ಲಿ ಅದೇ ಕಾಣೆ.

ಪೂರ್ತಿ ಖಣದಲ್ಲೇ ಹೊಲಿದ ದೊಡ್ಡ ಘೇರಿನ ಫ್ರಾಕನ್ನೇ ತಗೊಳ್ಳಿ. ಸಣ್ಣ ಪನ್ನಾದಲ್ಲಿ ಪೂರ್ಣ ಘೇರು ಒಂದೇ ತುಂಡಿನಲ್ಲಿ ಬರುವುದಿಲ್ಲ, ಜೋಡಣೆ ಬೇಕೇ ಬೇಕು. ಎಲ್ಲಿ ಜೋಡಿಸಿದರೆ ಬುಟ್ಟಿಯ ಸಾಲು ಕೂಡುತ್ತದೆ ಎಂದು ನೋಡದೆ ಹೊಲಿದರೆ ಲಂಗದ ಮೇಲೆ ಸಾಲುಗಳು ದಿಕ್ಕಾಪಾಲಾಗುತ್ತವೆ. ಖಣ ತುಸು ಬಿರುಸು, ಮೇಲೆ ಮಿಂಚೂ ಇದೆ. ಅದರ ಮೇಲೆ ಸೊಂಟದಲ್ಲಿ ದಟ್ಟ ನಿರಿಗೆ ಹಿಡಿದರೆ ಇದ್ದ ಸೊಂಟವೂ ಮಾಯ! ಅಗಲ ಅಂಚನ್ನು ತಂದು ನಿತಂಬದ ಮೇಲೆ ಅಡ್ಡ ಕೂಡಿಸಿದ ಮಾದರಿಗಳೂ ಇವೆ. ನೋಡುವವರ ಕಣ್ಣು ನೇರ ಅಲ್ಲೇ ಹೋಗಿ ನಿಲ್ಲುತ್ತದೆ. ಬಹಳ ಮಂದಿಗೆ ಅದು ಬೇಡವಾದ ಜಾಗ. ಇಷ್ಟು ಸಾಲದು ಎಂಬಂತೆ ಒಳಗೆ ಬಿರುಸು ಜಾಳಿಗೆಯ ಕ್ಯಾನ್‌ಕ್ಯಾನ್. ಪುಣೆ ಹೇಳಿಕೇಳಿ ಸ್ಕೂಟರಿನ ಊರು. ಆ ಘೇರು ಹೊತ್ತು ಹಿಂಜವಡಿಯ ಆಫೀಸು ಮುಟ್ಟುವಷ್ಟರಲ್ಲಿ ಜೀವ ಹೈರಾಣ.

ಹಾಗಂತ ಈ ಪ್ರಯೋಗವೇ ಬೇಡ ಎನ್ನುವವಳು ನಾನಲ್ಲ. ಚೆಂದ ಹೊಲಿದವೂ ಇವೆ, ಅವುಗಳಲ್ಲಿ ಎರಡು ಬಗೆ ನನಗೆ ಒಪ್ಪಿಗೆ. ಎದೆಯ ಪಟ್ಟಿ ಮತ್ತು ತೋಳಿಗೆ ಮಾತ್ರ ಖಣ, ಕೆಳಗೆ ಸಾದಾ ಹತ್ತಿಯ ಲಂಗ: ಇದು ಮೊದಲನೆಯದು. ಮೇಲೆ ಕುಬುಸ, ಕೆಳಗೆ ಸೀರೆ ಎನ್ನುವ ಹಳೇ ಹೊಂದಾಣಿಕೆಯೇ ಇಲ್ಲಿ ಹೊಸ ರೂಪದಲ್ಲಿದೆ. ಮಿಂಚು ಮುಖದ ಹತ್ತಿರ ಉಳಿಯುತ್ತದೆ, ಹತ್ತಿ ಮೈಗೆ ತಂಪು ಕೊಡುತ್ತದೆ. ಎರಡನೆಯದು, ಖಣವನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಮೇಲೆ ಸಣ್ಣ, ಕೆಳಗೆ ಅಗಲ ಬರುವಂತೆ ಜೋಡಿಸಿದ ನಿಲುವಂಗಿ. ಇಲ್ಲಿ ಪನ್ನಾ ಸಣ್ಣದಿರುವುದೇ ಅನುಕೂಲ. ನಿರಿಗೆ ಇಲ್ಲದೆ ಹರವು ಬರುತ್ತದೆ, ಉದ್ದ ಗೆರೆಗಳಿಂದ ಗಿಡ್ಡ ಇದ್ದವರೂ ತುಸು ಎತ್ತರ ಕಾಣುತ್ತಾರೆ. ಅಂಚು ತೋಳಿನ ತುದಿಯಲ್ಲೋ ಕೆಳಗಿನ ಮಡಿಕೆಯಲ್ಲೋ ಇದ್ದರೆ ಸಾಕು. ಒಳಗೆ ಹತ್ತಿಯ ಅಸ್ತರು, ಪಕ್ಕದಲ್ಲಿ ಒಂದು ಕಿಸೆ, ಹೊಲಿಗೆಯ ಒಳಗೆ ಒಂದಿಂಚು ಬಿಟ್ಟ ಬಟ್ಟೆ. ಈ ಒಂದಿಂಚನ್ನು ಹಗುರಾಗಿ ತಗೋಬೇಡ್ರಿ. ನಮ್ಮ ಮೈ ವರ್ಷಕ್ಕೊಂದು ಅಳತೆ ಹೇಳುತ್ತದೆ, ಹಳೇ ಟೇಲರುಗಳಿಗೆ ಅದು ಗೊತ್ತಿತ್ತು. ಹಳತಿನಿಂದ ಕಲಿಯುವುದಿದ್ದರೆ ಇದನ್ನು ಕಲಿಯಬೇಕು, ಬರೇ ಆಕಾರವನ್ನಲ್ಲ.

ಬಟ್ಟೆ ಅಸಲಿಯೇ ಎಂದು ನೋಡುವುದೂ ಕಷ್ಟವಲ್ಲ. ಖಣದ ಬುಟ್ಟಿ ನೇಯ್ಗೆಯಲ್ಲೇ ಮೂಡಿದ್ದು. ತಿರುವಿ ಹಾಕಿದರೆ ಹಿಂದೆ ನೂಲಿನ ಓಡಾಟ ಕಾಣುತ್ತದೆ. ಹಿಂಬದಿ ಬೋಳಾಗಿದ್ದರೆ ಅದು ಪಾಲಿಯೆಸ್ಟರಿನ ಮೇಲೆ ಅಚ್ಚೊತ್ತಿದ ಖಣದ ಚಿತ್ರ ಅಷ್ಟೆ. ಇನ್ನು ಇಳಕಲ್ ಸೀರೆ ಕತ್ತರಿಸಿ ಹೊಲಿಸುವವರಿಗೆ ಒಂದು ಮಾತು. ಮೈ ಹತ್ತಿ, ಸೆರಗು ರೇಶಿಮೆ ಇದ್ದರೆ ನೀರಿನಲ್ಲಿ ಎರಡೂ ಒಂದೇ ರೀತಿ ಕುಗ್ಗುವುದಿಲ್ಲ. ಮೊದಲೇ ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೇ ಜೋಡಣೆ ಸುಕ್ಕಾಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ ಇದೆ. ಇಲ್ಲಿನ ಆಫೀಸುಗಳಲ್ಲಿ ಗಣಪತಿ ಹಬ್ಬಕ್ಕೆ 'ಟ್ರಡಿಷನಲ್ ಡೇ' ಅಂತ ಒಂದು ದಿನ ಇರುತ್ತದೆ. ಅವತ್ತು ಎಲ್ಲೆಲ್ಲೂ ಖಣ. ಮರುದಿನ ಹುಡುಕಿದರೂ ಇಲ್ಲ. ವರ್ಷಕ್ಕೊಮ್ಮೆ ಫೋಟೋಕ್ಕೆ ಹಾಕುವುದು ವೇಷ. ಯಾವುದೋ ಒಂದು ಮಂಗಳವಾರ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮೀಟಿಂಗಿಗೆ ಹಾಕಿಕೊಂಡು ಹೋಗಿ ಸಂಜೆ ಭಾಜಿ ಕೊಂಡು ಮನೆಗೆ ಬರುವಂತಿದ್ದರೆ ಅದು ಉಡುಪು. 'ನಿಮ್ಮ ಕಡೆನೂ ಖಣ ಇರ್ತದೇನು?' ಎಂದು ಮರಾಠಿ ಗೆಳತಿಯರು ಕೇಳುವುದುಂಟು. ಅವರಿಗೆ ಅದು ತಲೆತಲಾಂತರದಿಂದ ತಮ್ಮದೇ ಬಟ್ಟೆ, ಇಳಕಲ್ ಅವರ ಬಾಯಲ್ಲಿ 'ಇರಕಲ್'. ಅದರಲ್ಲಿ ಜಗಳವೇನಿಲ್ಲ, ತೊಟ್ಟವರದೂ ಹೌದು, ನೇಯ್ದವರದೂ ಹೌದು.

ಆದರೆ ಊರಿನ ನಿಮಗೆ ಕೇಳಬೇಕಾದ್ದು ಒಂದಿದೆ. ನಮ್ಮಲ್ಲಿ ಖಣ ಉಡಿ ತುಂಬುವ ವಸ್ತುವಾಗಿ ಉಳಿದಿದೆ. ಕೊಟ್ಟದ್ದು ಟ್ರಂಕು ಸೇರುತ್ತದೆ, ಅಲ್ಲಿಂದ ಮತ್ತೊಬ್ಬರ ಉಡಿ ಸೇರುತ್ತದೆ, ಕತ್ತರಿ ಕಾಣುವುದೇ ಇಲ್ಲ. ಹೊಲಿಸುವವರಿಲ್ಲ ಎಂದು ಗೊತ್ತಾದ ಮೇಲೆ ಕೊಡುವವರೂ ಅಗ್ಗದ ಪಾಲಿಯೆಸ್ಟರ್ ತುಂಡಿಗೆ ಇಳಿದಿದ್ದಾರೆ. ಪುಣೆಯವರು ವೇಷವನ್ನಾದರೂ ಮಾಡಿಕೊಂಡರು. ನಾವು ಅದನ್ನು ಬರೇ ಶಾಸ್ತ್ರ ಮಾಡಿಟ್ಟೆವು. ಒಂದು ಕುಬುಸಕ್ಕೆ ಮೀಟರಿನ ಒಳಗೇ ಖಣ ಸಾಕು, ಒಂದು ನಿಲುವಂಗಿಗೆ ಮೂರ್ನಾಲ್ಕು ಮೀಟರು ಬೇಕು. ದಿನನಿತ್ಯ ಉಡುವವರು ಹೆಚ್ಚಾದರೆ ಮಗ್ಗಕ್ಕೆ ಎಷ್ಟು ಕೆಲಸ ಎಂಬ ಲೆಕ್ಕ ನೀವೇ ಹಾಕಿರಿ.

ಬಾದಾಮಿ, ಬನಶಂಕರಿ ಕಡೆ ಹೋದಾಗ ಗುಳೇದಗುಡ್ಡಕ್ಕೂ ಒಂದು ಗಳಿಗೆ ಹೋಗಿ ಬರ್ರಿ. ತುಂಡು ಖಣ ಬೇಡ, ಮೀಟರಿನ ಲೆಕ್ಕದಲ್ಲಿ ತಗೊಳ್ಳಿ. ನಿಮ್ಮ ಮೈಯ ಅಳತೆ ಗೊತ್ತಿರುವ ಟೇಲರ್ ಹತ್ತಿರ ಕೂತು, ಅಂಚು ಎಲ್ಲಿ ಬರಬೇಕೆಂದು ಕತ್ತರಿ ಹಾಕುವ ಮೊದಲೇ ಹೇಳಿಬಿಡ್ರಿ.