ಕಾಯಕ ಮತ್ತು ನೆಲೆ: ಬೀದಿ ವ್ಯಾಪಾರಿಗಳ ಶಾಸನದ ಒಂದು ವಿಮರ್ಶೆ

ನಗರದ ಬಡವರ ಜೀವನೋಪಾಯಕ್ಕೆ ಸರ್ಕಾರ ನೀಡುವ ನೆರವಿನ ಮಾತು ಬಂದಾಗ ಕನ್ನಡಿಗರ ಬಾಯಲ್ಲಿ 'ಕಾಯಕ' ಎಂಬ ಶಬ್ದ ಸಹಜವಾಗಿ ಬರುತ್ತದೆ. ಶಬ್ದ ಹಿರಿದು, ಅದರ ಬಳಕೆಯಲ್ಲಿ ಮಾತ್ರ ಒಂದು ಕೊರತೆಯುಂಟು. ದುಡಿಯುವವನ ಧರ್ಮವನ್ನು ಅದು ಹೇಳುತ್ತದೆಂದು ಎಲ್ಲರೂ ಒಪ್ಪುತ್ತಾರೆ. ಅವನಿಗೆ ನೆಲೆ ಕೊಡುವ ಊರಿನ ಧರ್ಮವೂ ಅದರಲ್ಲಿ ಅಡಗಿದೆಯೆಂಬುದನ್ನು ಮರೆಯುತ್ತಾರೆ. ಹಗ್ಗ ಹೊಸೆದ ನುಲಿಯ ಚಂದಯ್ಯ, ಸೌದೆ ಮಾರಿದ ಮೋಳಿಗೆಯ ಮಾರಯ್ಯ, ಚೆಲ್ಲಿದ ಅಕ್ಕಿಯನ್ನಾಯ್ದ ಮಾರಯ್ಯ-ಲಕ್ಕಮ್ಮ ದಂಪತಿಗಳು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೊರಗಿನಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಬಂದವರಿಗೆ ಕಲ್ಯಾಣ ನೆಲೆಯಾಯಿತು. ಆದುದರಿಂದಲೇ ಅವರ ಕಾಯಕ ನಡೆಯಿತು.

ಈ ದೃಷ್ಟಿಯಿಂದ ಪರಿಶೀಲಿಸತಕ್ಕುದು ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆ. ಅದರ ಪೂರ್ಣ ಹೆಸರಿನಲ್ಲಿ ಜೀವನೋಪಾಯದ ರಕ್ಷಣೆ ಮೊದಲು ಬರುತ್ತದೆ, ವ್ಯಾಪಾರದ ನಿಯಂತ್ರಣ ಆಮೇಲೆ. ಇದಕ್ಕೆ ಹಿನ್ನೆಲೆಯಾಗಿ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳಿವೆ. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ೧೯೮೫ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ನ್ಯಾಯಾಲಯ ಸಾರಿತು; ಆದರೂ ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿದ್ದವರನ್ನು ಎಬ್ಬಿಸುವುದನ್ನು ಮಳೆಗಾಲ ಕಳೆಯುವವರೆಗೆ ಮುಂದೂಡಿತಷ್ಟೆ. ೧೯೮೯ರ ಸೋದನ್ ಸಿಂಗ್ ಪ್ರಕರಣದಲ್ಲಿ ಬೀದಿ ವ್ಯಾಪಾರವೂ ಸಂವಿಧಾನದ ರಕ್ಷಣೆಯುಳ್ಳ ವೃತ್ತಿಯೆಂದು ಒಪ್ಪಿತು. ಇಂಥದೇ ಜಾಗ ಬೇಕೆಂದು ಕೇಳುವ ಹಕ್ಕು ಮಾತ್ರ ಇಲ್ಲವೆಂದಿತು. ತತ್ತ್ವ ದೊರೆಯಿತು, ಸ್ಥಳ ದೊರೆಯಲಿಲ್ಲ.

ಈ ತೆರವನ್ನು ತುಂಬಲೆಂದೇ ೨೦೧೪ರ ಶಾಸನ ಬಂದಿತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು; ಸ್ಥಳಾಂತರಕ್ಕೆ ೩೦ ದಿನಗಳ ತಿಳುವಳಿಕೆ ಕೊಡಬೇಕು; ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ ೪೦ಕ್ಕೆ ಕಡಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆರಿಸಿದವರಾಗಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಬಡವನನ್ನು ಫಲಾನುಭವಿಯೆಂದಷ್ಟೇ ಎಣಿಸದೆ ತೀರ್ಮಾನದಲ್ಲಿ ಪಾಲುಗಾರನನ್ನಾಗಿ ಮಾಡಿದ್ದು ಈ ಶಾಸನದ ಗುಣ.

ದೋಷವನ್ನು ಕಾಣಲು ಹೈದರಾಬಾದಿನ ಲಿಂಗಂಪಲ್ಲಿಯನ್ನು ನೋಡಿದರೆ ಸಾಕು. ಕಾಚಿಗೂಡದ ನೆರೆಯಲ್ಲಿ ಅದೇ ಹೆಸರಿನ ಪ್ರದೇಶವುಂಟು. ಇಲ್ಲಿ ಹೇಳುವುದು ನಗರದ ಪಶ್ಚಿಮದ ರೈಲು ನಿಲ್ದಾಣದ ಲಿಂಗಂಪಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ೧೮೭೪ರಲ್ಲಿ ತೆರೆದ ಮಾರ್ಗದ ಮೇಲಿರುವ ಈ ಊರು, ಕಲಬುರಗಿ, ಬೀದರ ಸೀಮೆಗಳಿಂದ ಕೂಲಿಗಾಗಿ ಬರುವವರಿಗೆ ಮಹಾನಗರದ ಹೆಬ್ಬಾಗಿಲು. ೨೦೦೩ರಲ್ಲಿ ಸ್ಥಳೀಯ ರೈಲುಸೇವೆ ಆರಂಭವಾಯಿತು. ೨೦೦೭ರಲ್ಲಿ ಶೇರಿಲಿಂಗಂಪಲ್ಲಿ ಪುರಸಭೆ ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆಯಲ್ಲಿ ಸೇರಿತು. ಜನ ಇಳಿಯುವಲ್ಲಿಯೇ ಸಂತೆ ಕೂಡುವುದು ಲೋಕರೂಢಿ. ಕೊಳ್ಳುವವರೂ ಮಾರುವವರೂ ರೂಢಿಯಿಂದ ಸೇರುವ ಇಂಥ ಜಾಗಕ್ಕೆ ಶಾಸನವು 'ಸ್ವಾಭಾವಿಕ ಮಾರುಕಟ್ಟೆ' ಎಂಬ ಮನ್ನಣೆಯನ್ನು ಕಲ್ಪಿಸಿದೆ. ಆದರೆ ಅದೇ ಶಾಸನದ ಮೊದಲನೆಯ ಪ್ರಕರಣದಲ್ಲಿ ರೈಲ್ವೆಗೆ ಸೇರಿದ ಜಮೀನು, ಆವರಣ, ಗಾಡಿಗಳಿಗೆ ಇದು ಅನ್ವಯಿಸದೆಂದು ಬರೆದಿದೆ. ಹೀಗಾಗಿ ನಿಲ್ದಾಣದ ಆವರಣದೊಳಗೆ ಬುಟ್ಟಿಯಿಟ್ಟವಳಿಗೆ ಈ ರಕ್ಷಣೆಯಿಲ್ಲ. ಗಡಿ ದಾಟಿ ಬೀದಿಗೆ ಬಂದರೆ ಉಂಟು. ಒಂದೇ ಸಂತೆ, ಎರಡು ನ್ಯಾಯ.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ತನಗೆ ಬೇರೆ ಜೀವನೋಪಾಯವಿಲ್ಲವೆಂದು ವ್ಯಾಪಾರಿ ಮುಚ್ಚಳಿಕೆ ಬರೆದುಕೊಡಬೇಕು. ಉಳ್ಳವರು ಬಡವರ ಜಾಗವನ್ನು ಕಬಳಿಸಬಾರದೆಂಬ ಇದರ ಉದ್ದೇಶ ಒಳ್ಳೆಯದೇ. ಆದರೆ ಮಳೆ ಬಂದಾಗ ತೊಗರಿಯ ಹೊಲದಲ್ಲಿ, ಬೇಸಗೆಯಲ್ಲಿ ಕಟ್ಟಡದ ಕೆಲಸದಲ್ಲಿ, ಕೆಲಸ ತಪ್ಪಿದ ದಿನ ತಳ್ಳುಗಾಡಿಯ ಬಳಿ ಇರುವವನ ಬಾಳು ಇಂಥ ಒಂದು ವಾಕ್ಯಕ್ಕೆ ಒಗ್ಗುವುದಿಲ್ಲ. ಮೂರು ಅರೆಹೊಟ್ಟೆಯ ಉದ್ಯೋಗಗಳು ಕೂಡಿ ಒಂದು ಜೀವನೋಪಾಯವಾಗುವ ವಲಸೆಗಾರನಿಗೆ, ಸತ್ಯ ಹೇಳಿದರೆ ಪತ್ರ ತಪ್ಪುತ್ತದೆ, ಪತ್ರ ಬೇಕಾದರೆ ಸತ್ಯ ತಪ್ಪುತ್ತದೆ.

೨೦೨೦ರ ಜೂನ್ ೧ರಂದು, ಸಾಂಕ್ರಾಮಿಕದ ಸಂಕಟದ ನಡುವೆ, ಪಿ.ಎಂ. ಸ್ವನಿಧಿ ಯೋಜನೆ ಬಂದಿತು. ಆಧಾರವಿಲ್ಲದೆ ಮೊದಲು ೧೦,೦೦೦ ರೂಪಾಯಿ ಸಾಲ, ತೀರಿಸಿದವರಿಗೆ ೨೦,೦೦೦, ಆಮೇಲೆ ೫೦,೦೦೦. ಬಡ್ಡಿಯಲ್ಲಿ ಶೇಕಡ ೭ರ ಸಹಾಯ. ೨೦೨೫ರಲ್ಲಿ ಇದನ್ನು ೨೦೩೦ರ ಮಾರ್ಚಿಯವರೆಗೆ ವಿಸ್ತರಿಸಿ ಮೊದಲ ಸಾಲವನ್ನು ೧೫,೦೦೦ಕ್ಕೆ ಏರಿಸಲಾಯಿತು. ಕರ್ನಾಟಕ ಸರ್ಕಾರ ೨೦೧೮ರಲ್ಲಿಯೇ 'ಬಡವರ ಬಂಧು' ಎಂಬ ಬಡ್ಡಿಯಿಲ್ಲದ ಸಾಲವನ್ನು ಆರಂಭಿಸಿತ್ತು. ಬೆಳಗ್ಗೆ ತಂದು ಸಂಜೆ ತೀರಿಸುವ ಮೀಟರ್ ಬಡ್ಡಿಯ ಬಾಯಿಂದ ಇವು ಹಲವರನ್ನು ಬಿಡಿಸಬಲ್ಲವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಸಮೀಕ್ಷೆಯಲ್ಲಿ ಸೇರದವರಿಗೂ ಶಿಫಾರಸು ಪತ್ರದ ಮೇಲೆ ಸಾಲ ಕೊಡಬಹುದೆಂದು ಸ್ವನಿಧಿಯ ನಿಯಮವೇ ಹೇಳುತ್ತದೆ. ಆರು ವರ್ಷಗಳ ಹಿಂದಿನ ಶಾಸನ ವಿಧಿಸಿದ್ದ ಸಮೀಕ್ಷೆ ಪೂರ್ತಿಯಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ನೆಲೆ ತಡವಾಯಿತು, ಸಾಲ ಮುಂದೆ ಓಡಿತು. ಗಾಡಿಯನ್ನು ಎತ್ತಿಕೊಂಡು ಹೋದರೂ ಕಂತಿನ ದಿನ ತಪ್ಪುವುದಿಲ್ಲ. ನೆಲೆಯಿಲ್ಲದವನಿಗೆ ಕೊಟ್ಟ ಸಾಲ ನೆರವಾಗುವಷ್ಟೇ ಸುಲಭವಾಗಿ ಹೊರೆಯೂ ಆಗುತ್ತದೆ.

ಬೀದಿ ನಡೆಯುವವರದಲ್ಲವೇ ಎಂಬ ಆಕ್ಷೇಪ ನ್ಯಾಯವಾದುದು. ಶಾಸನವೂ ಅದನ್ನು ಮರೆತಿಲ್ಲ. ಜನಸಂಖ್ಯೆಯ ಶೇಕಡ ಎರಡೂವರೆಯ ಮಿತಿಯನ್ನು ಅದು ಸೂಚಿಸಿದೆ. ಆ ಮಿತಿಯೊಳಗೆ ಯಾರು ಎಲ್ಲಿ ಕೂರಬೇಕೆಂಬುದನ್ನು ವ್ಯಾಪಾರಿಗಳೂ ಕುಳಿತ ಸಮಿತಿ ನಿರ್ಣಯಿಸಬೇಕು. ಅಲ್ಲಿ ರೈಲ್ವೆಯೂ ಜೊತೆಗೂಡಬೇಕು. ಋತುವಿಗೊಂದು ಊರಿನಲ್ಲಿರುವವನಿಗೂ ಒಂದು ಸ್ಥಾನವಿರಬೇಕು. ಹೊರನಾಡಿನ ಕನ್ನಡಿಗರಲ್ಲಿ ಗುಮಾಸ್ತರು, ಅಧ್ಯಾಪಕರು, ಎಂಜಿನಿಯರುಗಳು ಇರುವಂತೆ ಲಿಂಗಂಪಲ್ಲಿಯಲ್ಲಿ ಗಂಟು ಹೊತ್ತು ಇಳಿಯುವವರೂ ಇದ್ದಾರೆ. ಅವರ ದುಡಿಮೆಯನ್ನು ಕಾಯಕವೆಂದು ಹೊಗಳುವ ನಾಲಗೆ, ಅವರಿಗೆ ಸಲ್ಲಬೇಕಾದ ಮೊಳದಗಲದ ಜಾಗವನ್ನೂ ಕೇಳಿದಾಗಲೇ ಆ ಶಬ್ದದ ಅರ್ಥ ಪೂರ್ಣವಾಗುತ್ತದೆ.